ಫ್ಯೂಚರ್ ಕಾಂಬ್ಯಾಟ್ ಸಿಸ್ಟಮ್ಸ್

ಎಫ್‌ಸಿಎಸ್ ಎಂದೇ ಹೆಸರಾದ ಫ್ಯೂಚರ್ ಕಾಂಬ್ಯಾಟ್ ಸಿಸ್ಟಮ್ಸ್ ಅಮೆರಿಕದ ಭೂಸೇನೆ 2003ರಲ್ಲಿ ಅಭಿವೃದ್ಧಿ ಹಂತಕ್ಕೆ ತಂದು, 2009ರಲ್ಲಿ ಕೈಬಿಟ್ಟ ಶಸ್ತ್ರಾಸ್ತ್ರ ಯೋಜನೆ. ಯುದ್ಧವಾಹನ, ಡ್ರೋನ್, ಚಾಲಕರಹಿತ ಬಂಡಿ, ಕ್ಷಿಪಣಿ ಎಂದು 18 ಬಗೆಯ ಸಲಕರಣೆಗಳನ್ನು ಒಂದೇ ಸಂಪರ್ಕಜಾಲದಲ್ಲಿ ಪೋಣಿಸಿ, ಅಷ್ಟನ್ನೂ ಒಟ್ಟಿಗೇ ಕೊಳ್ಳುವುದು ಇದರ ಉದ್ದೇಶ. ಹೆಣೆದುಕೊಂಡ ರಕ್ಷಣಾ ವ್ಯವಸ್ಥೆಗಳ ಖರೀದಿ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಯೋಜನೆಯ ಬೇರು 1999ರಲ್ಲಿದೆ. ಒಂದು ಬ್ರಿಗೇಡ್ 96 ಗಂಟೆಗಳೊಳಗೆ ಜಗತ್ತಿನ ಯಾವ ಮೂಲೆಗಾದರೂ ತಲುಪಬೇಕು ಎಂದು ಆಗಿನ ಸೇನಾ ಮುಖ್ಯಸ್ಥ ಎರಿಕ್ ಶಿನ್ಸೆಕಿ ಗುರಿ ಇಟ್ಟರು. ಅದಕ್ಕಾಗಿ ಸಿ-130 ವಿಮಾನದಲ್ಲಿ ಹಿಡಿಸುವ, 19 ಟನ್ ಆಸುಪಾಸಿನ ವಾಹನ ಬೇಕಿತ್ತು. ಉಕ್ಕಿನ ಕವಚ ತೆಳುವಾದರೂ ಚಿಂತೆಯಿಲ್ಲ, ಜಾಲದ ನೆರವಿನಿಂದ ಶತ್ರುವನ್ನು ಮೊದಲೇ ಕಂಡು ಹೊಡೆಯಬಹುದು ಎಂಬುದು ಲೆಕ್ಕಾಚಾರ. ಇರಾಕಿನ ರಸ್ತೆಬದಿಯ ಬಾಂಬುಗಳು ಅದನ್ನು ತಲೆಕೆಳಗು ಮಾಡಿದವು. ಹೂತಿಟ್ಟ ಬಾಂಬನ್ನು ಯಾವ ಜಾಲವೂ ತೋರಿಸಲಿಲ್ಲ. ಕವಚ ದಪ್ಪವಾಗುತ್ತ ಹೋಗಿ ವಾಹನದ ತೂಕ 27 ಟನ್ನಿಗೇರಿತು. ವಿಮಾನದ ಮಾತು ಅಲ್ಲಿಗೆ ಮುಗಿಯಿತು.

ಗುತ್ತಿಗೆಯ ಸ್ವರೂಪವೇ ಬೇರೆ ಥರದ್ದು. 2002ರಲ್ಲಿ ಬೋಯಿಂಗ್ ಮತ್ತು ಎಸ್‌ಎಐಸಿ ಕಂಪನಿಗಳ ಜೋಡಿಯನ್ನು ಪ್ರಧಾನ ಸಂಯೋಜಕರನ್ನಾಗಿ ಆರಿಸಲಾಯಿತು. ಉಪಗುತ್ತಿಗೆದಾರರನ್ನು ಆರಿಸುವುದು, ಬಿಡಿಭಾಗಗಳನ್ನು ಹೊಂದಿಸುವುದು ಇವರ ಹೊಣೆ. ಏನು ಬೇಕೆಂದು ತೀರ್ಮಾನಿಸುವಾಗಲೂ ಸೇನೆಯ ಪಕ್ಕದಲ್ಲಿ ಇವರಿಗೆ ಕುರ್ಚಿಯಿತ್ತು. ಇಷ್ಟು ದೊಡ್ಡ ಕೆಲಸ ನಿಭಾಯಿಸುವಷ್ಟು ಎಂಜಿನಿಯರುಗಳು ಸೇನೆಯಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ಆ ಕೊರತೆಯಿಂದಾಗಿಯೇ ಗುತ್ತಿಗೆದಾರರ ಮಾತನ್ನು ಸ್ವತಂತ್ರವಾಗಿ ಒರೆಗೆ ಹಚ್ಚುವ ಶಕ್ತಿಯೂ ಸೇನೆಯಲ್ಲಿ ಕುಂದಿತು. ಮಾಮೂಲಿ ಖರೀದಿ ನಿಯಮಗಳಿಂದ ವಿನಾಯಿತಿ ಪಡೆದಿದ್ದ ಒಪ್ಪಂದವನ್ನು ಸೆನೆಟರ್ ಜಾನ್ ಮೆಕೇನ್ ಪ್ರಶ್ನಿಸಿದ ಮೇಲೆ, 2005ರಲ್ಲಿ ಅದನ್ನು ಸಾಮಾನ್ಯ ಗುತ್ತಿಗೆಯಾಗಿ ಬದಲಿಸಲು ಸೇನೆ ಮುಂದಾಯಿತು. ಆದರೂ ಈ ಜೋಡಿಗೆ ಸಲ್ಲಬೇಕಾದ ಶುಲ್ಕದ ಶೇ. 80ಕ್ಕಿಂತ ಹೆಚ್ಚು ಭಾಗ ವಿನ್ಯಾಸ ಪರಿಶೀಲನೆಯ ಹೊತ್ತಿಗೇ ಸಂದಾಯವಾಗುವಂತಿತ್ತು. ಅಷ್ಟೂ ವಾಹನಗಳು ಒಟ್ಟಿಗೆ ಓಡಿ ಪರೀಕ್ಷೆ ಗೆಲ್ಲುವ ಮುಂಚೆಯೇ!

ಇನ್ನು ರೇಡಿಯೊ. ಜಾಲಕ್ಕೆ ಜೀವವಾಗಬೇಕಿದ್ದ ಜೆಟಿಆರ್‌ಎಸ್ ರೇಡಿಯೊ ಎಫ್‌ಸಿಎಸ್‌ನ ಹಿಡಿತದಲ್ಲೇ ಇರಲಿಲ್ಲ. ಅದರ ಕಚೇರಿ ಬೇರೆ, ಬಜೆಟ್ ಬೇರೆ, ವೇಳಾಪಟ್ಟಿ ಬೇರೆ. ಅದು ತಡವಾದಷ್ಟೂ ಅದನ್ನು ನೆಚ್ಚಿಕೊಂಡಿದ್ದ ಪ್ರತಿ ವಾಹನವೂ ಕಾಯಬೇಕಾಯಿತು. ವಾಹನಕ್ಕೆಂದು ರೂಪಿಸಿದ ಆ ರೇಡಿಯೊ ಕೊನೆಗೆ 2011ರಲ್ಲಿ ರದ್ದಾಯಿತು. ಇತ್ತ ಸಾಫ್ಟ್‌ವೇರ್‌ನ ಅಂದಾಜು ಸುಮಾರು 3.4 ಕೋಟಿ ಸಾಲುಗಳಿಂದ 9.5 ಕೋಟಿಗೂ, ವೆಚ್ಚದ ಅಂದಾಜು 9,100 ಕೋಟಿ ಡಾಲರಿನಿಂದ 16,000 ಕೋಟಿಗೂ ಬೆಳೆದವು.

2009ರ ಏಪ್ರಿಲ್‌ನಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ವಾಹನಗಳನ್ನು ಕೈಬಿಡುವಂತೆ ಶಿಫಾರಸು ಮಾಡಿದರು. ಜೂನ್‌ನಲ್ಲಿ ಯೋಜನೆ ಅಧಿಕೃತವಾಗಿ ನಿಂತಿತು.

ಸಂಯೋಜನೆಯನ್ನು ಗುತ್ತಿಗೆದಾರರಿಗೆ ಒಪ್ಪಿಸಿದ್ದ ಇದೇ ಮಾದರಿಯ ಡೀಪ್‌ವಾಟರ್ ಯೋಜನೆಯಲ್ಲಿ ಅಮೆರಿಕದ ಕರಾವಳಿ ಕಾವಲುಪಡೆಯ 110 ಅಡಿ ದೋಣಿಗಳನ್ನು 123 ಅಡಿಗೆ ಹಿಗ್ಗಿಸಿದಾಗ ಒಡಲು ಬಿರುಕುಬಿಟ್ಟು, ಎಂಟೂ ದೋಣಿಗಳು 2006ರಲ್ಲಿ ಸೇವೆಯಿಂದ ಹೊರಬಿದ್ದಿದ್ದವು. ಮರುವರ್ಷವೇ ಕಾವಲುಪಡೆ ಸಂಯೋಜನೆಯ ಹೊಣೆಯನ್ನು ತಾನೇ ಹೊರಲು ತೀರ್ಮಾನಿಸಿತು. 2008ರ ರಕ್ಷಣಾ ಕಾಯ್ದೆಯು 2010ರ ಅಕ್ಟೋಬರ್‌ನಿಂದ ಪ್ರಧಾನ ಸಂಯೋಜಕರಿಗೆ ಹೊಸ ಗುತ್ತಿಗೆ ನೀಡುವುದನ್ನು ರಕ್ಷಣಾ ಇಲಾಖೆಗೆ ನಿಷೇಧಿಸಿ, ಆ ಕೆಲಸಕ್ಕೆ ಬೇಕಾದ ಪರಿಣತರನ್ನು ಸರ್ಕಾರದೊಳಗೇ ಬೆಳೆಸಬೇಕೆಂದು ವಿಧಿಸಿತು.