ಮಡಿಕೇರಿ: ಒಂದು ಕೋಟೆ, ಹಲವು ಬಾಡಿಗೆದಾರರು

ಮಡಿಕೇರಿ ಕೋಟೆಯೊಳಗೆ ಕಾಲಿಟ್ಟರೆ ಗಾರೆಯ ಎರಡು ಆನೆಗಳು ಎದುರುಗೊಳ್ಳುತ್ತವೆ. ನಿಜದ ಆನೆಯಷ್ಟೇ ಗಾತ್ರ. ಮಳೆಗಾಲದ ಪಾಚಿಗೆ ಮೈ ಕಪ್ಪಿಟ್ಟು, ಮಂಜು ಮುಸುಕಿದ ಬೆಳಗಿನಲ್ಲಿ ಉಸಿರಾಡುತ್ತಿವೆಯೇನೋ ಎನಿಸುತ್ತದೆ. ಈ ಕೋಟೆಗೆ ಬಂದುಹೋದವರಲ್ಲಿ ಬಹಳ ಮಂದಿಯನ್ನು ಅವು ಕಂಡಿವೆ.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತು ಎನ್ನುತ್ತಾರೆ. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು. ಹೆಸರನ್ನೂ ಜಾಫರಾಬಾದ್ ಎಂದು ಬದಲಿಸಿದ. ಅದನ್ನು ಮರಳಿ ಗೆದ್ದವನು ದೊಡ್ಡವೀರರಾಜೇಂದ್ರ. ಈಗಿನ ಎರಡಂತಸ್ತಿನ ಅರಮನೆ ಅವನ ತಮ್ಮ ಲಿಂಗರಾಜೇಂದ್ರನದು. ಊರ ತಗ್ಗಿನಲ್ಲಿ 1820ರಲ್ಲಿ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದವನೂ ಅವನೇ. ಗುಮ್ಮಟ, ಮೂಲೆಗೊಂದು ಮಿನಾರು, ಎದುರಿಗೆ ಕೆರೆ, ಒಳಗೆ ಶಿವಲಿಂಗ. ಹೊಸಬರು ಒಂದು ಕ್ಷಣ ತಬ್ಬಿಬ್ಬಾಗುವುದು ಸಹಜ.

1834ರಲ್ಲಿ ಕಂಪನಿಯ ಸೈನ್ಯ ಬಂತು. ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪಟ್ಟ ಕಳೆದುಕೊಂಡು ಕಾಶಿಗೆ, ಅಲ್ಲಿಂದ ಲಂಡನ್ನಿಗೆ ಹೋದ. ಅವನ ಕುರಿತ ಮಾಸ್ತಿಯವರ ಕಾದಂಬರಿ ಓದಿದವರಿಗೆ ಈ ಅರಮನೆಯ ಮೆಟ್ಟಿಲು ಹತ್ತುವಾಗ ಕಾಲು ತುಸು ತಡೆಯುತ್ತದೆ. ಬಿಳಿಯರು ಬೇರೆ ಊರು ಕಟ್ಟುವ ಗೋಜಿಗೆ ಹೋಗಲಿಲ್ಲ. ಮಡಿಕೇರಿಯನ್ನು ‘ಮರ್ಕೆರಾ’ ಎಂದು ಕರೆದು, ರಾಜರ ಮನೆಯಲ್ಲೇ ಕಚೇರಿ ಹೂಡಿದರು. ಕೋಟೆಯೊಳಗಿನ ವೀರಭದ್ರನ ಗುಡಿ ಹೋಗಿ, ಸೇಂಟ್ ಮಾರ್ಕ್ಸ್ ಚರ್ಚ್ ಎದ್ದಿತು. ಈಗ ಆ ಚರ್ಚೂ ಚರ್ಚಾಗಿಲ್ಲ, ಸರಕಾರಿ ವಸ್ತುಸಂಗ್ರಹಾಲಯ. ಪ್ರಾರ್ಥನೆ ನಡೆಯುತ್ತಿದ್ದಲ್ಲಿ ವೀರಗಲ್ಲುಗಳು, ಹಳೆಯ ಆಯುಧಗಳು.

ಕೋಟೆಯೊಳಗೆ ಆಳುವವರು ಬದಲಾದರು. ಕೋಟೆಯಾಚೆ ನೆಲದ ಬಣ್ಣವೇ ಬದಲಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಕಾಫಿ ತೋಟ ಮಾಡಿದ. ಮನೆಯ ಹಿತ್ತಿಲಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಗಿಡ ಆಮೇಲೆ ಗುಡ್ಡಗುಡ್ಡವನ್ನೇ ಆವರಿಸಿತು. ಕೊಡಗಿಗೆ ಅಂದೂ ರೈಲಿಲ್ಲ, ಇಂದೂ ಇಲ್ಲ. ಕಾಫಿ ಎತ್ತಿನ ಗಾಡಿಯೇರಿ ಘಾಟಿಯಿಳಿದು ತಲಶ್ಶೇರಿ, ಮಂಗಳೂರು ಸೇರಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ತೋಟದ ಜೊತೆಗೇ ರೈಟರು, ಲೈನ್‌ಮನೆ, ಪಲ್ಪರ್, ಎಸ್ಟೇಟು ಎಂಬ ಮಾತುಗಳೂ ಬಂದು ನಮ್ಮವೇ ಆದವು.

ಬಿಳಿಯರು ಬಿಟ್ಟುಹೋದದ್ದನ್ನು ನೋಡಬೇಕೆಂದರೆ ಚರ್ಚಿನ ಬಣ್ಣದ ಗಾಜಿಗಿಂತ ಮಾರ್ಚ್‌ ತಿಂಗಳ ಸಂತೆ ಒಳ್ಳೆಯ ಜಾಗ. ಆಗ ಹೂಮಳೆಯ ಕಾಲ. ಹದವಾಗಿ ಒಂದು ಮಳೆ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಗಾಳಿಯೆಲ್ಲ ಮಲ್ಲಿಗೆಯಂಥ ಘಮ. ಬಾರದಿದ್ದರೆ ಆ ವರ್ಷದ ಫಸಲಿನ ಚಿಂತೆ. ದೇಶದ ಬಹುತೇಕ ಕಡೆ ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯತೊಡಗಿ ಎಷ್ಟೋ ಕಾಲವಾಯಿತು. ಇಲ್ಲಿ ಮಾತ್ರ ತರಕಾರಿ ಚೀಲ ಹಿಡಿದವರು ಎದುರಾದರೆ ಯೋಗಕ್ಷೇಮಕ್ಕೂ ಮೊದಲು ಬರುವ ಪ್ರಶ್ನೆ ಒಂದೇ: “ನಿಮ್ಮ ಕಡೆ ಎಷ್ಟು ಬಂತು?”

“ಒಂದು ಇಂಚು, ಹತ್ತು ಸೆಂಟು.”