ಬಾನಿನ ಕಬ್ಬಿಣ, ನೆಲದ ಉಪ್ಪು

ಆಸ್ಟ್ರೇಲಿಯಾದ ಕ್ರ್ಯಾನ್‌ಬೋರ್ನ್ ಬಳಿ ಸಿಕ್ಕ ಮೂರೂವರೆ ಟನ್ ತೂಕದ ಕಬ್ಬಿಣದ ಉಲ್ಕಾಪಿಂಡ ಹಡಗೇರಿ 1865ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿತು. ಬಹುಕಾಲ ಮಣ್ಣಿನಲ್ಲಿ ಹೂತಿದ್ದ ಅದು ಮ್ಯೂಸಿಯಂ ಸೂರಿನಡಿ ಬೆವರತೊಡಗಿತು. ಹನಿಗಳು ಒಸರಿದವು, ಚಕ್ಕೆಗಳು ಕಳಚಿದವು.

ಆ ಹನಿಗಳಲ್ಲಿದ್ದುದು ಕಬ್ಬಿಣದ ಕ್ಲೋರೈಡ್. ಉಲ್ಕೆಗಳು ಅದನ್ನು ಬಾನಿನಿಂದಲೇ ಹೊತ್ತು ತರುತ್ತವೆಂದು ನಂಬಿದ ವಿದ್ವಾಂಸರು, ಅಮೆರಿಕದ ರಸಾಯನಶಾಸ್ತ್ರಜ್ಞ ಲಾರೆನ್ಸ್ ಸ್ಮಿತ್ ಗೌರವಾರ್ಥ ಆ ಖನಿಜವನ್ನು ‘ಲಾರೆನ್ಸೈಟ್’ ಎಂದು ಕರೆದರು. ಹುಟ್ಟಿನಿಂದಲೇ ಬಂದ ರೋಗಕ್ಕೆ ಮದ್ದೇನು? ಸಂಗ್ರಹಗಳಲ್ಲಿ ಮೆರುಗೆಣ್ಣೆ ಬಳಿದರು. ತುಕ್ಕು ಅದರಡಿಯಲ್ಲೇ ಬೆಳೆಯಿತು.

1989ರಲ್ಲಿ ಡೆನ್ಮಾರ್ಕಿನ ವಾಗ್ನ್ ಬುಕ್‌ವಾಲ್ಡ್ ಮತ್ತು ಅಮೆರಿಕದ ರಾಯ್ ಕ್ಲಾರ್ಕ್ ಅಂಟಾರ್ಕ್ಟಿಕಾದ ಉಲ್ಕೆಗಳನ್ನು ಪರೀಕ್ಷಿಸಿ ಈ ಆರೋಪವನ್ನೇ ತಿರುಗಿಸಿದರು. ಅಪರಾಧಿ ಲಾರೆನ್ಸೈಟ್ ಅಲ್ಲ, ಅಕಗನೈಟ್ ಎಂಬ ಕ್ಲೋರಿನ್ ಹಿಡಿದಿಟ್ಟ ತುಕ್ಕು. ಆ ಕ್ಲೋರಿನ್ ಭೂಮಿಯದು. ಅದು ಖರ್ಚಾಗುವುದೂ ಇಲ್ಲ. ಹಳೆಯ ತುಕ್ಕಿನಿಂದ ಬಿಡಿಸಿಕೊಂಡು ಹೊಸ ಕಬ್ಬಿಣದತ್ತ ಸರಿಯುತ್ತದೆ. ಹಾವು ಒಳಗಿರುವಾಗ ಹುತ್ತಕ್ಕೆ ಸುಣ್ಣ ಬಳಿದಂತಾಗಿತ್ತು ಆ ಮೆರುಗೆಣ್ಣೆ!

ಹೊರಗಿನಿಂದ ಬಂದದ್ದನ್ನು ಹೊರಹಾಕಬಹುದು. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಸಿ, ದ್ರಾವಣ ಬದಲಿಸುತ್ತ ಕ್ಲೋರೈಡ್ ತೆಗೆಯುತ್ತಾರೆ. ಆಮೇಲೆ ಒಣಗಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಿಡುತ್ತಾರೆ. ಅಂಗೈಯಗಲದ ತುಂಡಿಗಾದರೆ ಒಂದು ಡಬ್ಬಿ ಸಾಕು. ಮೂರೂವರೆ ಟನ್ನಿಗೆ ಎಂಥ ತೊಟ್ಟಿ ಬೇಕೋ!