ಹಿರೇಗುಡ್ಡದ ಕಲ್ಲುಕೊಡಲಿಗಳ ಮೂಲ

ಸಾಂತಾಕ್ರೂಜಿನ ಉತ್ತರಕ್ಕೆ, ಅಂಧೇರಿಯ ಮನೆಗಳ ನಡುವೆ ನಿಂತಿರುವ ಗಿಲ್ಬರ್ಟ್ ಬೆಟ್ಟದ ಕರಿಗಲ್ಲನ್ನು ಮುಂಬಯಿಯ ಕನ್ನಡಿಗರಲ್ಲಿ ಅನೇಕರು ಕಂಡಿರಬಹುದು. ಅದು ಲಾವಾರಸ ಆರಿ ಗಟ್ಟಿಯಾದ ಬಸಾಲ್ಟ್ ಶಿಲೆ. ಅದೇ ಬಗೆಯ ರಸವು ನೆಲದೊಳಗಿನ ಬಿರುಕುಗಳಲ್ಲಿ ಸಿಕ್ಕಿ ಮೆಲ್ಲಗೆ ಆರಿದರೆ ಡೋಲರೈಟ್ ಆಗುತ್ತದೆ. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕಪ್ಪಗಲ್ಲುಗಳ ಗ್ರಾನೈಟ್ ಬೆಟ್ಟಗಳನ್ನು ಇಂಥ ಕಪ್ಪು ಪಟ್ಟಿಗಳು ಸೀಳಿಕೊಂಡು ಹೋಗಿವೆ. ಮರಳುಗಾಡಲ್ಲದಿದ್ದರೂ ಮಳೆಗೆ ಬಾಯಿಬಿಡುವ ಈ ಸೀಮೆಯಲ್ಲಿ ಹುರುಳಿ, ಹೆಸರು, ಕಿರುಧಾನ್ಯಗಳನ್ನು ಬೆಳೆದು ದನ ಸಾಕಿದ ನವಶಿಲಾಯುಗದ ಜನರು ತಮ್ಮ ಕೊಡಲಿಗಳಿಗೆ ಆರಿಸಿದ್ದು ಈ ಕಲ್ಲನ್ನೇ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಈ ನೆಲೆಯನ್ನು ಗುರುತಿಸಿ, ಇಲ್ಲಿ ಕೊಡಲಿಗಳ ಕಾರ್ಖಾನೆಯೇ ಇತ್ತೆಂದು ಕಂಡುಕೊಂಡನು. ಬಳಿಕ ಬಿ. ಸುಬ್ಬರಾವ್, 1964-65ರಲ್ಲಿ ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್, ಈಚೆಗೆ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮೊದಲಾದವರು ಇಲ್ಲಿ ಶೋಧನೆ ನಡೆಸಿದರು.

ಕೊಡಲಿಯೊಂದು ಕಪ್ಪಗಿದ್ದ ಮಾತ್ರಕ್ಕೆ ಅದು ಇಲ್ಲಿಂದ ಹೋದುದೆಂದು ಹೇಳುವುದು ಅವಸರದ ಮಾತು. ಡೋಲರೈಟಿನ ಪಟ್ಟಿಗಳು ಕರ್ನಾಟಕದ ಹಲವೆಡೆ ಇವೆ. ಕಣ್ಣಿಗೆ ಅವೆಲ್ಲ ಒಂದೇ. ಕಲ್ಲಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಡಿ ನೋಡಬೇಕು, ಅದರ ರಾಸಾಯನಿಕ ಘಟಕಗಳನ್ನು ಅಳೆಯಬೇಕು, ಮೂಲಶಿಲೆಯೊಡನೆ ತಾಳೆ ಹಾಕಬೇಕು. ಇದಕ್ಕಿಂತ ಸರಳವಾದ ಸಾಕ್ಷಿಯೂ ಒಂದುಂಟು. ಸಿದ್ಧವಾದ ಕೊಡಲಿ ಕೈಯಿಂದ ಕೈಗೆ ಎಷ್ಟು ದೂರವಾದರೂ ಹೋದೀತು. ಅದನ್ನು ಕೆತ್ತಿದಾಗ ಉದುರಿದ ಚಕ್ಕೆಗಳನ್ನು ಯಾರೂ ಹೊತ್ತೊಯ್ಯುವುದಿಲ್ಲ. ಹಿರೇಗುಡ್ಡದಲ್ಲಿ ಶಿಲೆಯ ಪಟ್ಟಿ, ರಾಶಿರಾಶಿ ಚಕ್ಕೆ, ಕೆತ್ತುವಾಗಲೇ ಮುರಿದುಹೋದ ಅರೆಗೊಡಲಿ, ಗ್ರಾನೈಟ್ ಬಂಡೆಯ ಮೇಲೆ ಅಲಗು ಮಸೆದು ಉಂಟಾದ ತೋಡು, ಎಲ್ಲವೂ ಹತ್ತಿರ ಹತ್ತಿರ ದೊರೆತಿವೆ. ಎಲ್ಲಿ ಹೊಳಪಿನ ಕೊಡಲಿಗಳು ಮಾತ್ರ ಸಿಕ್ಕು ಮೊದಲ ಕೆತ್ತನೆಯ ಚಕ್ಕೆ ಸಿಗುವುದಿಲ್ಲವೋ ಅಲ್ಲಿಗೆ ಕೊಡಲಿ ಹೊರಗಿನಿಂದ ಬಂದಿತೆಂದು ಊಹಿಸಲು ಆಧಾರವಿದೆ. ವಸ್ತುಸಂಗ್ರಹಾಲಯಗಳು ಅಂದವಾದ ಕೊಡಲಿಯನ್ನಷ್ಟೇ ಕಾಪಾಡಿ ಚಕ್ಕೆಯನ್ನು ಕಸವೆಂದು ಬಿಟ್ಟ ಕಾಲವೂ ಇತ್ತು. ಅದರಿಂದ ಆದ ನಷ್ಟ ಸಣ್ಣದಲ್ಲ.

ಈಗಿನ ಅಪಾಯ ಬೇರೆ ಬಗೆಯದು. ಕಟ್ಟಡ ಮತ್ತು ರಸ್ತೆಗಳಿಗಾಗಿ ಗ್ರಾನೈಟ್ ತೆಗೆಯುವವರು ಈ ಬೆಟ್ಟಗಳ ಕೆಲವು ಭಾಗಗಳನ್ನು ಒಡೆದಿದ್ದಾರೆ. ಕಪ್ಪಗಲ್ಲಿನ ಡೋಲರೈಟ್ ಬಂಡೆಗಳ ಮೇಲೆ ದನಗಳ ಚಿತ್ರಗಳಿವೆ. ಕೆಲವು ಬಂಡೆಗಳನ್ನು ಬಡಿದರೆ ಜಾಗಟೆಯಂತೆ ನಾದ ಹೊಮ್ಮುತ್ತದೆ. ಕೊಡಲಿಗಳು ಬಳ್ಳಾರಿಯ ಸಂಗ್ರಹಾಲಯದಲ್ಲಿ ಸುರಕ್ಷಿತವಾಗಿ ಉಳಿದಾವು. ತಾಳೆ ನೋಡಲು ಬೇಕಾದ ಬಂಡೆಯೂ ಅದರ ಬುಡದ ಚಕ್ಕೆಗಳೂ ಬೆಟ್ಟದ ಮೇಲೆಯೇ ಇವೆ.